ಮಾತು ಬಾರದ ಆಟಿಸಂ ಮಗುವಿಗೆ ಮನೆಯಲ್ಲೇ ಸ್ಪೀಚ್ ಥೆರಪಿ: ಕಿವಿ ಪರೀಕ್ಷೆಯಿಂದ ಚಿತ್ರದ ಹಲಗೆಯವರೆಗೆ

ನನ್ನ ಮಗನಿಗೆ ಈಗ ಒಂಬತ್ತು ವರ್ಷ. ಬಾಯಿಂದ ಬರುವ ಪದಗಳು ಹದಿನೈದೋ ಹದಿನಾರೋ ಇರಬಹುದು, ಅದರಲ್ಲೂ ಅರ್ಧ ನಮ್ಮ ಮನೆಯವರಿಗೆ ಮಾತ್ರ ತಿಳಿಯುತ್ತವೆ. ಆದರೂ ಅವನು ದಿನವಿಡೀ ನಮ್ಮ ಜೊತೆ ಮಾತಾಡುತ್ತಾನೆ. ಕಾರ್ಡ್ ಕೊಟ್ಟು, ಟ್ಯಾಬ್ ಒತ್ತಿ, ಕೈ ತೋರಿಸಿ. ಮೊನ್ನೆ ನಮ್ಮತ್ತೆ ತಟ್ಟೆಗೆ ಉಪ್ಪಿಟ್ಟು ಹಾಕಿದಾಗ 'ಬೇಡ' ಕಾರ್ಡ್ ತಂದು ಅವರ ಕೈಗಿಟ್ಟ. ಅವರು ಮೇಲೆ ಒಂದಿಷ್ಟು ಸಕ್ಕರೆ ಉದುರಿಸಿ ಮತ್ತೆ ಕೊಟ್ಟರು. ಮತ್ತೆ ಅದೇ ಕಾರ್ಡ್ ಬಂತು. ಮೂರು ವರ್ಷದ ಹಿಂದೆ ಆಗಿದ್ದರೆ ತಟ್ಟೆ ಗೋಡೆಗೆ ಹಾರುತ್ತಿತ್ತು.

ನಾವು ಮೊದಲ ಎರಡು ವರ್ಷ ಹಾಳು ಮಾಡಿಕೊಂಡೆವು. ಮೊದಲು ಮಾತು ಬರಲಿ, ಉಳಿದದ್ದೆಲ್ಲ ಆಮೇಲೆ ಅಂದುಕೊಂಡಿದ್ದೆವು. ಅದು ತಲೆಕೆಳಗಾದ ಲೆಕ್ಕ. ಮನಸ್ಸಿನಲ್ಲಿ ಇರುವುದನ್ನು ಇನ್ನೊಬ್ಬರಿಗೆ ತಿಳಿಸಬಹುದು, ತಿಳಿಸಿದರೆ ಕೆಲಸ ಆಗುತ್ತದೆ ಅನ್ನುವುದು ಮಗುವಿಗೆ ಮೊದಲು ಗೊತ್ತಾಗಬೇಕು. ಅದು ಯಾವ ದಾರಿಯಿಂದಾದರೂ ಸರಿ. ಬಾಯಿಮಾತು ಬರುವುದಿದ್ದರೆ ಅದೇ ದಾರಿಯಲ್ಲಿ ಹಿಂದಿನಿಂದ ಬರುತ್ತದೆ. ನಾನು ಥೆರಪಿಸ್ಟ್ ಅಲ್ಲ, ಅಮ್ಮ. ಹಾಗಾಗಿ ಇದನ್ನು ನಿಮ್ಮ ಥೆರಪಿಸ್ಟ್ ಜೊತೆ ಕೂತು ಮಾಡಿ, ಅವರ ಬದಲಿಗೆ ಅಲ್ಲ.

ಇನ್ನೊಂದು ಮಾತು, ಹೆದರಿಸುವವರಿಗಾಗಿ. ನಾಲ್ಕು ವರ್ಷದೊಳಗೆ ಮಾತು ಬರದಿದ್ದರೆ ಮುಗೀತು ಅನ್ನುವವರು ಪ್ರತಿ ಮದುವೆ ಮನೆಯಲ್ಲೂ ಸಿಗುತ್ತಾರೆ. ನಾಲ್ಕು ವರ್ಷಕ್ಕೆ ಪದ ಜೋಡಿಸಿ ಸರಿಯಾಗಿ ಮಾತಾಡದಿದ್ದ 535 ಆಟಿಸಂ ಮಕ್ಕಳನ್ನು, ಅವರು ಎಂಟು ವರ್ಷ ದಾಟಿದ ಮೇಲೆ ನೋಡಿದ ಅಮೆರಿಕದ ಒಂದು ಅಧ್ಯಯನ 2013ರಲ್ಲಿ ಬಂತು. ಅವರಲ್ಲಿ ಶೇ. 70 ಮಕ್ಕಳು ಪದ ಜೋಡಿಸಿ ಮಾತಾಡುವ ಮಟ್ಟಕ್ಕೆ ಬಂದಿದ್ದರು, ಶೇ. 47 ಮಕ್ಕಳು ಸರಾಗವಾಗಿ ಮಾತಾಡುತ್ತಿದ್ದರು. ಹಾಗೆಂದು ಎಲ್ಲ ಮಕ್ಕಳಿಗೂ ಮಾತು ಬಂದೇ ಬರುತ್ತದೆ ಎಂದೂ ಅಲ್ಲ. ಆಟಿಸಂ ಇರುವ ಮಕ್ಕಳಲ್ಲಿ ಸುಮಾರು ಶೇ. 25ರಿಂದ 30ರಷ್ಟು ಮಕ್ಕಳಿಗೆ ಶಾಲೆಯ ವಯಸ್ಸಿನಲ್ಲೂ ಮಾತು ತೀರಾ ಕಡಿಮೆ ಎಂಬ ಅಂದಾಜಿದೆ. ನಿಮ್ಮ ಮಗು ಯಾವ ಕಡೆ ಹೋಗುತ್ತದೆ ಎಂದು ಈಗಲೇ ಹೇಳಲಾಗದು. ಅದಕ್ಕೇ ಎರಡು ಕಡೆಗೂ ಆಗುವ ಕೆಲಸ ಮಾಡೋಣ.

ಮೊದಲು ಕಿವಿ

ಕರೆದರೆ ತಿರುಗಲ್ಲ, ಆದರೆ ಬಿಸ್ಕತ್ ಪ್ಯಾಕೆಟ್ ಬಿಚ್ಚಿದರೆ ಎಲ್ಲಿದ್ದರೂ ಓಡಿ ಬರುತ್ತಾನೆ, ಹಾಗಾಗಿ ಕಿವಿ ಸರಿ ಇದೆ ಎಂದು ನಾವೇ ತೀರ್ಮಾನ ಮಾಡಿಬಿಡುತ್ತೇವೆ. ಇದು ಪರೀಕ್ಷೆ ಅಲ್ಲ. ಕೆಲವು ಸದ್ದು ಕೇಳಿ ಕೆಲವು ಕೇಳದೇ ಇರುವ ಕಿವಿಗಳಿವೆ. ಒಳಕಿವಿ ಸದ್ದಿಗೆ ಸ್ಪಂದಿಸುತ್ತದೆಯೇ ಎಂದು ನೋಡುವ ಒಎಇ ಎಂಬ ಪರೀಕ್ಷೆ ಕೆಲವೇ ನಿಮಿಷದ್ದು. ಸದ್ದು ಕಿವಿಯಿಂದ ಮಿದುಳಿಗೆ ತಲುಪುತ್ತದೆಯೇ ಎಂದು ನೋಡುವ ಬೆರಾ ಎಂಬುದನ್ನು ಸಾಮಾನ್ಯವಾಗಿ ಮಗುವನ್ನು ಮಲಗಿಸಿ ಮಾಡುತ್ತಾರೆ, ತಲೆಗೆ ಸಣ್ಣ ಸಣ್ಣ ತಂತಿ ಅಂಟಿಸುತ್ತಾರೆ, ನೋವಿಲ್ಲ. ಹಿಂದಿನ ರಾತ್ರಿ ತಡವಾಗಿ ಮಲಗಿಸಿ, ಬೆಳಗ್ಗೆ ಬೇಗ ಎಬ್ಬಿಸಿ, ದಾರಿಯಲ್ಲಿ ನಿದ್ದೆ ಮಾಡದಂತೆ ನೋಡಿಕೊಂಡು ಹೋಗಿ. ನಾವು ಬಸ್ಸಿನಲ್ಲಿ ಮಲಗಲು ಬಿಟ್ಟು, ಅಲ್ಲಿ ಹೋದ ಮೇಲೆ ಅವನು ಕಣ್ಣರಳಿಸಿ ಕೂತು, ಇನ್ನೊಂದು ದಿನ ಬರಬೇಕಾಯಿತು.

ಎಲ್ಲಿ ಮಾಡಿಸುವುದು? ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಎಲ್ಲರೂ ಆಯಿಷ್ ಅನ್ನುವುದು, ಕೇಂದ್ರ ಸರ್ಕಾರದ್ದು, ಇಡೀ ದೇಶದಿಂದ ಜನ ಬರುತ್ತಾರೆ. ಕಿವಿ ಪರೀಕ್ಷೆ, ಮಾತಿನ ಪರೀಕ್ಷೆ ಎರಡೂ ಒಂದೇ ಕಡೆ ಆಗುತ್ತದೆ. ದೂರದವರು ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ಡಿಇಐಸಿ, ಅಂದರೆ ಮಕ್ಕಳ ಬೆಳವಣಿಗೆಯ ತೊಂದರೆ ನೋಡುವ ಕೇಂದ್ರ, ಎಲ್ಲಿದೆ ಎಂದು ಕೇಳಿ. ಸರ್ಕಾರದ ಆರ್‌ಬಿಎಸ್‌ಕೆ ಎಂಬ ಮಕ್ಕಳ ಆರೋಗ್ಯ ಯೋಜನೆಯಲ್ಲಿ 18 ವರ್ಷದವರೆಗಿನ ಮಕ್ಕಳಿಗೆ ಅಲ್ಲಿ ಉಚಿತವಾಗಿ ನೋಡುತ್ತಾರೆ. ಮಗು ಮೊದಲು ಆಡುತ್ತಿದ್ದ ಮಾತು ನಿಂತುಹೋಗಿದ್ದರೆ, ಅಥವಾ ಇದ್ದಕ್ಕಿದ್ದಂತೆ ಕಣ್ಣು ನೆಟ್ಟು ಸ್ತಬ್ಧವಾಗುತ್ತಿದ್ದರೆ, ಮಕ್ಕಳ ನರರೋಗ ತಜ್ಞರನ್ನು ಬೇಗ ನೋಡಿ. ಫಿಟ್ಸ್ ಇದೆಯೇ ಎಂದು ತಿಳಿಯುವುದು ಮುಖ್ಯ.

ಥೆರಪಿಸ್ಟ್ ಆಯ್ಕೆ

ಬೋರ್ಡ್ ಹಾಕಿಕೊಂಡವರೆಲ್ಲ ಓದಿದವರಲ್ಲ. ಬಿಎಎಸ್‌ಎಲ್‌ಪಿ (ಮಾತು ಮತ್ತು ಶ್ರವಣದ ಪದವಿ) ಅಥವಾ ಅದರ ಮೇಲಿನ ಡಿಗ್ರಿ ಇರಬೇಕು, ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಸಂಖ್ಯೆ ಇರಬೇಕು. ಕೇಳುವುದಕ್ಕೆ ನಾಚಿಕೆ ಬೇಡ. ಆಮೇಲೆ ಇನ್ನೊಂದೇ ಪ್ರಶ್ನೆ ಕೇಳಿ: ನಾನು ಒಳಗೆ ಕೂರಬಹುದಾ?

ನಾವು ಮೊದಲು ಹೋಗುತ್ತಿದ್ದ ಕಡೆ ಬಾಗಿಲು ಹಾಕಿಬಿಡುತ್ತಿದ್ದರು. ಒಳಗಿನಿಂದ ಅಳು ಕೇಳುತ್ತಿತ್ತು, ಹೊರಗೆ ನಾವು ಹತ್ತು ಜನ ಅಮ್ಮಂದಿರು ಮೊಬೈಲ್ ನೋಡುತ್ತಾ ಕೂರುತ್ತಿದ್ದೆವು. ಎಂಟು ತಿಂಗಳು. ಕೊನೆಗೆ ನನಗೆ ಗೊತ್ತಾದದ್ದು ಅವನು ಪ್ಲಾಸ್ಟಿಕ್ ಹಣ್ಣುಗಳ ಹೆಸರು ಕೇಳಿ ಮುಟ್ಟಿ ತೋರಿಸುತ್ತಾನೆ ಎಂದಷ್ಟೆ. ನೀರು ಬೇಕು ಎಂದು ಹೇಳಲು ಬರದ ಮಗುವಿಗೆ ದ್ರಾಕ್ಷಿಯ ಹೆಸರು ಯಾಕೆ ಅಲ್ವಾ? ಲೆಕ್ಕ ಹಾಕಿ: ವಾರಕ್ಕೆ ಎರಡು ಸಲ ಮುಕ್ಕಾಲು ಗಂಟೆ ಅಂದರೆ ಒಂದೂವರೆ ಗಂಟೆ. ಮಗು ಎಚ್ಚರ ಇರುವುದು ವಾರಕ್ಕೆ ಸುಮಾರು 90 ಗಂಟೆ. ಒಳ್ಳೆಯ ಥೆರಪಿಸ್ಟ್ ಆ ಒಂದೂವರೆ ಗಂಟೆಯಲ್ಲಿ ನಿಮಗೆ ಕಲಿಸುತ್ತಾರೆ, ನೀವು ಉಳಿದ ಹೊತ್ತಿನಲ್ಲಿ ಮಾಡುತ್ತೀರಿ.

ಮನೆಯಲ್ಲಿ ಕನ್ನಡ ಬಿಡಿ, ಇಂಗ್ಲಿಷ್ ಒಂದೇ ಇಟ್ಟುಕೊಳ್ಳಿ, ಮಗುವಿಗೆ ಗೊಂದಲ ಆಗುತ್ತೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಎರಡು ಭಾಷೆ ಕೇಳಿ ಬೆಳೆದ ಆಟಿಸಂ ಮಕ್ಕಳಿಗೆ ಅದರಿಂದ ನಷ್ಟವಾಗುವುದಿಲ್ಲ ಎಂದೇ ಸಂಶೋಧನೆಗಳು ಹೇಳುತ್ತಿವೆ. ಅಜ್ಜಿ ತಾತ ಕನ್ನಡವನ್ನೇ ಆಡುವ ಮನೆಯಲ್ಲಿ ಮಗುವಿಗೆ ಮಾತ್ರ ಇಂಗ್ಲಿಷ್ ಕೊಟ್ಟರೆ, ಇರುವ ನಾಲ್ಕು ಜನರಲ್ಲಿ ಇಬ್ಬರ ಜೊತೆ ಅದರ ನಂಟೇ ಕಡಿದಂತೆ.

ಒಂದು ವಾರ ಸುಮ್ನೆ ನೋಡಿ, ಬರೆಯಿರಿ

ಒಂದು ನೋಟ್‌ಬುಕ್ ತಗೊಳ್ಳಿ. ಏನೂ ಕಲಿಸಬೇಡಿ. ಅವನು ಈಗ ಹೇಗೆ ಹೇಳುತ್ತಾನೆ ಅನ್ನುವುದನ್ನಷ್ಟೆ ಬರೆಯಿರಿ. ನನ್ನ ನೋಟ್‌ಬುಕ್‌ನಲ್ಲಿ ಹೀಗಿತ್ತು: ಕೈ ಹಿಡಿದು ಫ್ರಿಜ್‌ಗೆ ಎಳೆದ, ಮೊಸರು. ಚಪ್ಪಲಿ ತಂದು ಕಾಲ ಮೇಲೆ ಹಾಕಿದ, ಹೊರಗೆ. ಕಿವಿ ಮುಚ್ಚಿ ಕಿರುಚಿದ, ಮಿಕ್ಸಿ. ಬೆನ್ನು ತಿರುಗಿಸಿದ, ಸಾಕು. ಏಳು ದಿನಕ್ಕೆ ಹನ್ನೊಂದು ಬಗೆ ಸಿಕ್ಕಿತು. ಏನೂ ಹೇಳಲ್ಲ ಅಂದುಕೊಂಡಿದ್ದ ಮಗು ಹನ್ನೊಂದು ರೀತಿ ಹೇಳುತ್ತಿದ್ದ, ನಾವೇ ಕಿವುಡರಾಗಿದ್ದೆವು.

ಅದರ ಪಕ್ಕದಲ್ಲೇ ಇನ್ನೊಂದು ಪಟ್ಟಿ ಬರೆಯಿರಿ: ಅವನಿಗೆ ಪ್ರಾಣವಾದ ಹತ್ತು ವಸ್ತು. ನೀವು ಇಷ್ಟವಾಗಬೇಕು ಎಂದುಕೊಂಡದ್ದಲ್ಲ, ನಿಜವಾಗಿ ಇಷ್ಟವಾದದ್ದು. ನಮ್ಮವನಿಗೆ ಕೋಡುಬಳೆ, ಮೊಸರು, ನಲ್ಲಿ ನೀರು, ತಿರುಗುವ ಪಾತ್ರೆ ಮುಚ್ಚಳ, ಉಪ್ಪಿನ ಮೂಟೆ ಆಟ. ಸಾವಿರಾರು ರೂಪಾಯಿ ಕೊಟ್ಟು ತಂದ ಮರದ ಆಟಿಕೆ ಈ ಪಟ್ಟಿಯಲ್ಲಿ ಇರಲಿಲ್ಲ.

ನಮ್ಮ ಬಾಯಿ ಸರಿ ಮಾಡಿಕೊಳ್ಳುವುದು

ಕಷ್ಟವಾದ ಭಾಗ ಇದೇ. ಅವನ ಕಣ್ಣಿನ ಎತ್ತರಕ್ಕೆ ನೆಲದ ಮೇಲೆ ಕೂರಿ. ಪ್ರಶ್ನೆ ಕೇಳುವುದನ್ನು ನಿಲ್ಲಿಸಿ. 'ಇದೇನು? ಇದೇನು ಹೇಳು? ಅಮ್ಮ ಅನ್ನು, ಒಂದ್ಸಲ ಅನ್ನು' ಅನ್ನುವುದು ಮಾತಲ್ಲ, ಪರೀಕ್ಷೆ. ಅದರ ಬದಲು ಅವನು ಮಾಡುತ್ತಿರುವುದಕ್ಕೆ ಒಂದು ಪದ ಹಾಕಿ. ನೀರಿಗೆ ಕೈ ಹಾಕಿದರೆ 'ನೀರು'. ಮುಚ್ಚಳ ತಿರುಗಿದರೆ 'ತಿರುಗು, ತಿರುಗು'. ಬಿದ್ದರೆ 'ಬಿತ್ತು'. ಮಗು ಒಂದೂ ಪದ ಆಡದಿದ್ದರೆ ನೀವು ಒಂದೊಂದು ಪದ ಆಡಿ, ಒಂದು ಪದ ಆಡಿದರೆ ನೀವು ಎರಡು. ಮನೆಮಾತಿನ ಪದವೇ ಇರಲಿ, ಪುಸ್ತಕದ್ದು ಬೇಡ. ಒಂದು ದಿನ 'ಮೊಸರನ್ನ', ಇನ್ನೊಂದು ದಿನ 'ಮಮ್ಮು', ಮತ್ತೊಂದು ದಿನ 'ಊಟ' ಅಂದರೆ ಅವನಿಗೆ ಮೂರು ವಸ್ತು. ಇಡೀ ಮನೆಯವರು ಕೂತು ಒಂದು ಪದ ಗೊತ್ತು ಮಾಡಿಕೊಳ್ಳಿ.

ಆಮೇಲೆ ಕಾಯಿರಿ. ಪದ ಹೇಳಿ, ಅವನ ಮುಖ ನೋಡುತ್ತಾ, ಮನಸ್ಸಿನಲ್ಲೇ ಒಂದರಿಂದ ಹತ್ತು ಎಣಿಸಿ. ಬಾಯಿ ಮುಚ್ಚಿಕೊಂಡು ಹತ್ತು ಎಣಿಸುವುದು ಎಷ್ಟು ಉದ್ದ ಅಂತ ಮಾಡಿ ನೋಡಿದವರಿಗೇ ಗೊತ್ತು, ನಾನು ನಾಲ್ಕಕ್ಕೇ ಬಾಯಿ ಬಿಡುತ್ತಿದ್ದೆ. ಅವನಿಗೆ ನಮ್ಮ ಮಾತು ಒಳಗೆ ಹೋಗಿ, ಅರ್ಥವಾಗಿ, ಉತ್ತರ ಹೊರಗೆ ಬರಲು ಹೊತ್ತು ಬೇಕು. ನಡುವೆ ನಾವು ಮತ್ತೆ ಕೇಳಿದರೆ ಎಲ್ಲ ಮೊದಲಿಂದ ಶುರು.

ಆಟದಲ್ಲಿ ಈ ಕಾಯುವಿಕೆ ಚೆನ್ನಾಗಿ ಕೂರುತ್ತದೆ. ಬೆನ್ನ ಮೇಲೆ ಹತ್ತಿಸಿಕೊಂಡು 'ಒಂದು, ಎರಡು' ಎಂದು ಹೇಳಿ ಓಡಿ. ಹತ್ತು ಸಲ ಹೀಗೇ ಮಾಡಿ ಹನ್ನೊಂದನೇ ಸಲ 'ಒಂದು, ಎ...' ಎಂದು ನಿಂತುಬಿಡಿ. ಅವನು ಮೈ ಅಲ್ಲಾಡಿಸಬಹುದು, 'ಆ' ಅನ್ನಬಹುದು, ಭುಜ ತಟ್ಟಬಹುದು. ಯಾವುದಾದರೂ ಸರಿ, ಅದನ್ನೇ ಉತ್ತರ ಎಂದುಕೊಂಡು ತಕ್ಷಣ ಓಡಿ. ಅವನು ಮಾಡುವ ಸದ್ದನ್ನು ನೀವೂ ಮಾಡಿ. ಅವನು 'ಉಊ' ಅಂದರೆ ನೀವೂ 'ಉಊ'. ಪಕ್ಕದ ಮನೆಯವರು ಏನಂದುಕೊಂಡರೂ ಪರವಾಗಿಲ್ಲ. ನನ್ನ ಮಗ ಮೊದಲ ಸಲ ನನ್ನ ಮುಖವನ್ನು ಅಷ್ಟು ಹೊತ್ತು ನೋಡಿದ್ದು ನಾನು ಅವನ ಹಾಗೆ ಕೂಗಿದಾಗ.

ಕೇಳುವ ಸಂದರ್ಭ ಮಾಡಿಕೊಡಿ

ಎಲ್ಲವೂ ಕೈಗೆ ಸಿಗುವಂತಿದ್ದರೆ ಕೇಳುವ ಅಗತ್ಯವೇ ಬರುವುದಿಲ್ಲ. ಕೋಡುಬಳೆಯನ್ನು ಒಳಗಿನದು ಕಾಣುವ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿ ಮಾಡಿ, ಕಣ್ಣಿಗೆ ಕಾಣುವ ಆದರೆ ಕೈಗೆ ಎಟುಕದ ಕಡೆ ಇಡಿ. ಲೋಟಕ್ಕೆ ಎರಡು ಗುಟುಕು ಹಾಲು ಮಾತ್ರ ಹಾಕಿ, ಮುಗಿದ ಮೇಲೆ ಕಾಯಿರಿ. ಚಡ್ಡಿ ಕೊಟ್ಟು ಷರ್ಟ್ ಕೊಡುವುದನ್ನು ಮರೆತವರಂತೆ ನಿಲ್ಲಿ.

ಆದರೆ ಇಲ್ಲಿ ಒಂದು ಗೆರೆ ಇದೆ. ಮಾತಾಡಿದರೇ ಊಟ, ಇಲ್ಲದಿದ್ದರೆ ಇಲ್ಲ ಅನ್ನುವುದು ಥೆರಪಿ ಅಲ್ಲ, ಹಿಂಸೆ. ನಮಗೂ ಹಾಗೆ ಮಾಡಲು ಹೇಳಿದ್ದರು, ಒಂದು ಮಧ್ಯಾಹ್ನ ಮಾಡಿಯೂ ಬಿಟ್ಟೆ. ಅವನು ಅತ್ತು ಅತ್ತು ನಿದ್ದೆ ಹೋದ. ಅವನಿಗೆ ಅದರಿಂದ ಒಂದು ಅಕ್ಷರವೂ ಬರಲಿಲ್ಲ. ಹತ್ತು ಹದಿನೈದು ಸೆಕೆಂಡ್ ಕಾಯಿರಿ, ಅವನು ಏನು ಮಾಡಿದರೂ, ಕೈ ಚಾಚಿದರೂ ಸಾಕು, ಪದ ಹೇಳಿ ಕೊಟ್ಟುಬಿಡಿ. ನೀರು, ಊಟ, ಶೌಚ ಇವುಗಳಲ್ಲಿ ಆಟ ಆಡಬೇಡಿ.

ಚಿತ್ರದ ಕಾರ್ಡು: ಇಲ್ಲಿ ನಿಧಾನ

ಪೆಕ್ಸ್ ಎಂಬ ಈ ಕ್ರಮವನ್ನು 1985ರಲ್ಲಿ ಅಮೆರಿಕದ ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ ಶುರು ಮಾಡಿದರು. ಒಟ್ಟು ಆರು ಹಂತ. ಚಿತ್ರ ತೋರಿಸಿ ಹೆಸರು ಹೇಳಿಸುವುದಲ್ಲ, ಚಿತ್ರವನ್ನು ಇನ್ನೊಬ್ಬರ ಕೈಗೆ ಕೊಟ್ಟು ವಸ್ತು ಪಡೆಯುವುದು. ಅಂದರೆ ಅಂಗಡಿಯಲ್ಲಿ ಚೀಟಿ ಕೊಟ್ಟ ಹಾಗೆ.

ಮೊದಲು ಕಾರ್ಡ್. ಇಂಟರ್ನೆಟ್‌ನ ಕಾರ್ಟೂನ್ ಬೇಡ. ಅಲ್ಲಿ ನೀರು ಅಂದರೆ ಐಸ್ ಹಾಕಿದ ಗಾಜಿನ ಲೋಟ, ನಮ್ಮ ಮನೆಯಲ್ಲಿ ನೀರು ಅಂದರೆ ಸ್ಟೀಲ್ ಲೋಟ. ನಿಮ್ಮದೇ ಲೋಟ, ನಿಮ್ಮದೇ ಡಬ್ಬಿ, ನಿಮ್ಮದೇ ಸ್ಕೂಟರ್, ಬಿಳಿ ಬಟ್ಟೆಯ ಮೇಲೆ ಇಟ್ಟು ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಎರಡು ಇಂಚು ಅಗಲ ಸಾಕು. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಲ್ಯಾಮಿನೇಟ್ ಮಾಡಿಸಿ, ಹಿಂದೆ ವೆಲ್ಕ್ರೋ ಅಂಟಿಸಿ. ಒಂದೊಂದೂ ಎರಡೆರಡು ಪ್ರತಿ ಮಾಡಿಸಿಕೊಳ್ಳಿ, ಮಕ್ಕಳು ಅಗಿದು ಹಾಕುತ್ತವೆ.

ಮೊದಲ ಹಂತಕ್ಕೆ ಇಬ್ಬರು ದೊಡ್ಡವರು ಬೇಕು. ನಾನು ಮುಂದೆ ಕೋಡುಬಳೆ ಹಿಡಿದು ಕೂತೆ, ನನ್ನ ಗಂಡ ಅವನ ಹಿಂದೆ. ನಡುವೆ ಒಂದೇ ಒಂದು ಕಾರ್ಡ್. ಮಗು ಕೋಡುಬಳೆಗೆ ಕೈ ಚಾಚುತ್ತಾನೆ. ಆಗ ಹಿಂದಿನವರು ಮಾತಾಡದೆ ಆ ಕೈ ಹಿಡಿದು ಕಾರ್ಡ್ ಎತ್ತಿಸಿ, ನನ್ನ ಅಂಗೈಗೆ ಹಾಕಿಸಬೇಕು. ಕಾರ್ಡ್ ಬಿದ್ದ ತಕ್ಷಣ ನಾನು 'ಕೋಡುಬಳೆ!' ಎಂದು ಹೇಳಿ ಒಂದು ಸಣ್ಣ ತುಂಡು ಕೊಡಬೇಕು. ಇಷ್ಟೇ. 'ಏನು ಬೇಕು', 'ಕಾರ್ಡ್ ಕೊಡು' ಎಂದು ಯಾರೂ ಹೇಳಕೂಡದು, ಯಾಕೆಂದರೆ ಹಾಗೆ ಹೇಳಿದರೆ ನಾವು ಕೇಳಿದಾಗ ಮಾತ್ರ ಕೊಡುವುದು ಅಭ್ಯಾಸವಾಗುತ್ತದೆ, ತಾನಾಗಿ ಬಂದು ಕೇಳುವುದೇ ನಮಗೆ ಬೇಕಾದದ್ದು. ಹಿಂದಿನವರು ದಿನದಿಂದ ದಿನಕ್ಕೆ ಹಿಡಿತ ಸಡಿಲ ಮಾಡುತ್ತಾ ಹೋಗಲಿ. ತುಂಡು ಚಿಕ್ಕದಿರಲಿ, ಇಪ್ಪತ್ತು ಸಲ ಆಗಬೇಕಲ್ಲ.

ನಮ್ಮವನು ನಾಲ್ಕನೇ ದಿನ ತಾನೇ ಎತ್ತಿ ಕೊಟ್ಟ. ಕೆಲವು ಮಕ್ಕಳಿಗೆ ತಿಂಗಳು ಹಿಡಿಯುತ್ತದೆ.

ಎರಡನೇ ಹಂತ ದೂರ. ನೀವು ಒಂದು ಹೆಜ್ಜೆ ಹಿಂದೆ, ಆಮೇಲೆ ಅಡುಗೆಮನೆಗೆ, ಆಮೇಲೆ ಬೆನ್ನು ಮಾಡಿ ನಿಂತುಕೊಳ್ಳಿ. ಅವನು ಹುಡುಕಿ ಬಂದು ನಿಮ್ಮನ್ನು ಎಳೆದು ಕೊಡಬೇಕು. ಬೇರೆ ಬೇರೆ ಜನರಿಗೂ ಕೊಡಬೇಕು. ಮೂರನೆಯದು ಆರಿಸುವುದು. ಕೋಡುಬಳೆ ಕಾರ್ಡ್ ಪಕ್ಕ ಕಾಲುಚೀಲದ ಕಾರ್ಡ್ ಇಡಿ. ಕಾಲುಚೀಲ ಕೊಟ್ಟರೆ ಕಾಲುಚೀಲವನ್ನೇ ಕೊಡಿ, ಮುಖ ನೋಡಿ! ಎರಡು ಇಷ್ಟದ ವಸ್ತು ಇಡುವುದು ಆಮೇಲೆ.

ನಾಲ್ಕನೇ ಹಂತದಲ್ಲಿ ವಾಕ್ಯದ ಪಟ್ಟಿ, ಅಂದರೆ ಕಾರ್ಡುಗಳನ್ನು ಸಾಲಾಗಿ ಅಂಟಿಸಿ ವಾಕ್ಯ ಮಾಡುವ ಉದ್ದನೆಯ ರಟ್ಟು. ಇಲ್ಲಿ ಕನ್ನಡದವರು ಎಡವುತ್ತಾರೆ. ಡೌನ್‌ಲೋಡ್ ಮಾಡಿದ ಪಟ್ಟಿಯಲ್ಲಿ 'ಐ ವಾಂಟ್' ಎಡಗಡೆ ಮೊದಲೇ ಅಂಟಿರುತ್ತದೆ, ವಸ್ತು ಆಮೇಲೆ. ನಾವು ಹೇಳುವುದು 'ನೀರು ಬೇಕು'. ಹಾಗಾಗಿ ವಸ್ತು ಮೊದಲು, 'ಬೇಕು' ಕೊನೆಗೆ. 'ನನಗೆ' ಬೇಕಾಗಿಯೇ ಇಲ್ಲ. ನಾವು ಮೂರು ತಿಂಗಳು ತಿರುಗಾಮುರುಗ ಇಟ್ಟುಕೊಂಡು, ಬಾಯಲ್ಲಿ ಒಂದು, ಪಟ್ಟಿಯಲ್ಲಿ ಇನ್ನೊಂದು ಮಾಡಿಕೊಂಡಿದ್ದೆವು. ಆಮೇಲಿನ ಎರಡು ಹಂತ, ಕೇಳಿದ್ದಕ್ಕೆ ಉತ್ತರ ಕೊಡುವುದು ಮತ್ತು ಕಂಡದ್ದನ್ನು ಹೇಳುವುದು. ಅಷ್ಟು ಹೊತ್ತಿಗೆ ನಿಮಗೆ ನನ್ನ ಸಲಹೆ ಬೇಕಾಗುವುದಿಲ್ಲ.

'ಬೇಡ' ಮತ್ತು 'ಸಾಕು'

'ಬೇಕು' ಕಲಿಸುವ ಉತ್ಸಾಹದಲ್ಲಿ ಇವೆರಡನ್ನೂ ಮರೆಯುತ್ತೇವೆ. ಕಚ್ಚುವುದು, ತಲೆ ಚಚ್ಚಿಕೊಳ್ಳುವುದು, ತಟ್ಟೆ ಎಸೆಯುವುದು, ಎಷ್ಟೋ ಸಲ ಇವೆಲ್ಲ ಬಾಯಿಲ್ಲದ 'ಬೇಡ'. ಕೆಂಪು ಕಾರ್ಡ್ ಮಾಡಿ, ಇಷ್ಟವಿಲ್ಲದ್ದನ್ನು ಕೊಟ್ಟು, ಅವನು ದೂಡುವ ಮೊದಲೇ ಕಾರ್ಡ್ ಕೊಡಿಸಿ, ತಕ್ಷಣ ಆ ವಸ್ತು ತೆಗೆದುಬಿಡಿ. ಮೊದಲ ಕೆಲವು ವಾರ ಪ್ರತಿ 'ಬೇಡ'ವನ್ನೂ ಮನ್ನಿಸಬೇಕು, ಇಲ್ಲದಿದ್ದರೆ ಕಾರ್ಡಿಗೆ ಬೆಲೆ ಇಲ್ಲ. ಔಷಧಿಗೆ, ರಸ್ತೆ ದಾಟುವಾಗ ಕೈ ಹಿಡಿಯುವುದಕ್ಕೆ ಈ ಕಾರ್ಡ್ ತರಬೇಡಿ, ಅಲ್ಲಿ ಬೇಡ ಅಂದರೂ ನಡೆಯುವುದಿಲ್ಲವಲ್ಲ.

ಹಲಗೆ ಮತ್ತು ಟ್ಯಾಬ್

ಕಾರ್ಡ್ ಮೂವತ್ತು ನಲವತ್ತಾದಾಗ ಫೈಲ್ ದಪ್ಪವಾಗುತ್ತದೆ. ಆಗ, ಅಥವಾ ಅದಕ್ಕಿಂತ ಮೊದಲೇ, ಎಲ್ಲ ಕಡೆ ಬಳಕೆಯಾಗುವ ಪದಗಳ ಚಿತ್ರಗಳನ್ನು ಒಂದೇ ಹಾಳೆಯಲ್ಲಿ ಜೋಡಿಸಿ ಒಂದು ಹಲಗೆ ಮಾಡಿ: ಬೇಕು, ಬೇಡ, ಇನ್ನೂ, ಸಾಕು, ಬಾ, ಹೋಗು, ಕೊಡು, ತೆಗಿ, ನೋಡು, ಆಯ್ತು, ನೋವು, ಎಲ್ಲಿ. ಜಾಗ ಬದಲಾಯಿಸಬೇಡಿ, ಕೈಗೆ ಜಾಗ ಅಭ್ಯಾಸವಾಗುತ್ತದೆ. ಕನ್ನಡದಲ್ಲಿ ಬಾ, ಕೊಡು ಹೀಗೆ ಬರಿಯ ಪದವೇ ಪೂರ್ತಿ ಮಾತು, ಇದು ನಮ್ಮ ಮಕ್ಕಳ ಅದೃಷ್ಟ. ತಾತನಿಗೆ 'ಬಾ' ಒತ್ತಿದರೆ 'ಬನ್ನಿ ಅನ್ನು ಪುಟ್ಟ' ಎಂದು ತಿದ್ದಲು ಹೋಗಬೇಡಿ. ತಾತ ಸುಮ್ನೆ ಎದ್ದು ಬರಲಿ.

ಹಲಗೆಯನ್ನು ಮೊದಲು ಬಳಸಬೇಕಾದವರು ನೀವು. 'ಹೋಗು' ಅನ್ನುವಾಗ ನೀವು ಆ ಚಿತ್ರ ಮುಟ್ಟಿ, 'ಇನ್ನೂ' ಅನ್ನುವಾಗ ಅದನ್ನು ಮುಟ್ಟಿ, ಅವನಿಂದ ಏನನ್ನೂ ಕೇಳದೆ, ವಾರಗಟ್ಟಲೆ, ತಿಂಗಳುಗಟ್ಟಲೆ. ಸಾಮಾನ್ಯ ಮಗುವೂ ವರ್ಷಗಟ್ಟಲೆ ಕೇಳಿಸಿಕೊಂಡೇ ಮಾತಾಡುತ್ತದೆ ಅಲ್ವಾ? ಟ್ಯಾಬ್‌ಗೆ ಚಿತ್ರ ಒತ್ತಿದರೆ ಮಾತಾಡುವ ಆಪ್‌ಗಳಲ್ಲಿ ಚೆನ್ನೈನಲ್ಲಿ ಹುಟ್ಟಿದ ಆವಾಜ್ ಇದೆ, ಐಐಟಿ ಬಾಂಬೆಯವರು ಮಾಡಿದ ಉಚಿತ ಆಪ್ ಜೆಲ್ಲೋ ಇದೆ. ಯಾವುದನ್ನೇ ಹಾಕಿಕೊಂಡರೂ ಅದರಲ್ಲಿ ನಿಮ್ಮ ಫೋಟೋ, ನಿಮ್ಮ ಕನ್ನಡದ ಧ್ವನಿ ಸೇರಿಸಲು ಆಗುತ್ತದೆಯೇ ನೋಡಿ. ಆ ಟ್ಯಾಬ್‌ನಲ್ಲಿ ಯೂಟ್ಯೂಬ್ ಇರಕೂಡದು. ಅದು ಅವನ ಬಾಯಿ, ಟಿವಿ ಅಲ್ಲ. ತಪ್ಪು ಮಾಡಿದ ಎಂದು ಕಿತ್ತುಕೊಳ್ಳುವುದೂ ಇಲ್ಲ.

ಹೀಗೆ ಕಾರ್ಡ್, ಟ್ಯಾಬ್ ಕೊಟ್ಟರೆ ಬಾಯಿಮಾತು ಬರುವುದೇ ನಿಂತುಹೋಗುತ್ತದೆ ಎಂದು ನಮ್ಮ ಮಾವ ಆರು ತಿಂಗಳು ವಾದ ಮಾಡಿದರು. ಹಿಂದಿನ ಅಧ್ಯಯನಗಳನ್ನೆಲ್ಲ ಜಾಲಾಡಿದ 2006ರ ಒಂದು ವಿಮರ್ಶೆಯಲ್ಲಿ, ಗಟ್ಟಿ ಪುರಾವೆ ಇದ್ದ 27 ಜನರಲ್ಲಿ ಒಬ್ಬರಿಗೂ ಮಾತು ಕಡಿಮೆಯಾಗಿರಲಿಲ್ಲ, ಶೇ. 89 ಜನರಿಗೆ ಹೆಚ್ಚಾಗಿತ್ತು, ಹೆಚ್ಚಿನವರಿಗೆ ಸ್ವಲ್ಪವೇ. ನಮ್ಮವನ ಮೊದಲ ಪದ 'ಬೇ' ಬಂದದ್ದೂ ಕಾರ್ಡ್ ಕೊಡುತ್ತಲೇ. ಅದು ಬೇಕೋ ಬೇಡವೋ ಎಂದು ಕೈಯಲ್ಲಿರುವ ಕಾರ್ಡ್ ನೋಡಿ ತಿಳಿಯಬೇಕಿತ್ತು.

ಸದ್ದು ಬರತೊಡಗಿದ ಮೇಲೆ ತಿದ್ದಬೇಡಿ. 'ನೀ' ಅಂದರೆ ನೀರು ಕೊಟ್ಟು, ನೀವು ಸರಿಯಾಗಿ 'ನೀರು' ಅನ್ನಿ, ಅಷ್ಟೆ. ಟಿವಿಯ ಜಾಹೀರಾತನ್ನು ಗಿಣಿಪಾಠ ಒಪ್ಪಿಸಿದರೆ ಅದನ್ನೂ ಬೈಯಬೇಡಿ, ಯಾವ ಹೊತ್ತಿನಲ್ಲಿ ಹೇಳುತ್ತಾನೆ ಬರೆದುಕೊಳ್ಳಿ. ಅದಕ್ಕೆ ಅವನದೇ ಅರ್ಥ ಇರುತ್ತದೆ. ಅರ್ಥ ಚೆನ್ನಾಗಿ ಆಗುತ್ತದೆ, ಹೇಳಲು ಒದ್ದಾಡುತ್ತಾನೆ, ಒಂದೇ ಪದ ಪ್ರತಿ ಸಲ ಬೇರೆ ಥರ ಬರುತ್ತದೆ ಎಂದಾದರೆ ಅಪ್ರಾಕ್ಸಿಯಾ, ಅಂದರೆ ಮಾತಿಗೆ ಬೇಕಾದಂತೆ ಬಾಯಿ ನಾಲಿಗೆ ಹೊಂದಿಸಲಾಗದ ತೊಂದರೆ, ಇದೆಯೇ ಎಂದು ಥೆರಪಿಸ್ಟ್ ಹತ್ತಿರ ಕೇಳಿ, ಅದರ ಅಭ್ಯಾಸವೇ ಬೇರೆ.

ದುಡ್ಡು, ಹೊತ್ತು ಹಾಳು ಮಾಡಬೇಡಿ

ಪೀಪಿ ಊದಿಸುವುದು, ಮೇಣದಬತ್ತಿ ಆರಿಸುವುದು, ತುಟಿಗೆ ಜೇನು ಹಚ್ಚಿ ನೆಕ್ಕಿಸುವುದು ಆಟಕ್ಕೆ ಸರಿ, ಊದಿದ ಮಾತ್ರಕ್ಕೆ ಪದ ಬರುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಬಜೆ ತೇಯ್ದು ನಾಲಿಗೆಗೆ ಹಚ್ಚುವುದು ಬೇಡ. ಸ್ಟೆಮ್ ಸೆಲ್ ಹೆಸರಿನಲ್ಲಿ ಲಕ್ಷಗಟ್ಟಲೆ ಕೇಳುವವರಿದ್ದಾರೆ, ಆಟಿಸಂಗೆ ಅದನ್ನು ಶಿಫಾರಸು ಮಾಡುವಂತಿಲ್ಲ ಎಂದು 2022ರಲ್ಲೇ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೇಳಿದೆ. ಮಗುವಿನ ಕೈಯನ್ನು ಬೇರೆಯವರು ಹಿಡಿದು ಅಕ್ಷರ ಒತ್ತಿಸಿ 'ನೋಡಿ, ಕವಿತೆ ಬರೆದ' ಅನ್ನುವುದರಿಂದಲೂ ದೂರ ಇರಿ. ಅಲ್ಲಿ ಬರೆಯುವುದು ಹಿಡಿದ ಕೈ, ಮಗು ಅಲ್ಲ ಎಂದು ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡಿದೆ.

ಕಾಗದಪತ್ರದ ಕೆಲಸ ಬೇಗ ಮುಗಿಸಿ. ಆಟಿಸಂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಇದೆ, ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡ್ ಮಾಡಿಸಿ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಥೆರಪಿಯ ಖರ್ಚಿಗೂ ಅದರಲ್ಲಿ ಒಂದು ಪಾಲು ಇದೆ. ಬಿಲ್ಲುಗಳನ್ನು ಎಸೆಯಬೇಡಿ.

ಪ್ರತಿ ತಿಂಗಳ ಒಂದನೇ ತಾರೀಖು ಊಟದ ಹೊತ್ತಿನಲ್ಲಿ ಐದು ನಿಮಿಷ ವಿಡಿಯೋ ಮಾಡಿ ಇಡಿ. ದಿನಾ ನೋಡುವ ನಮಗೆ ಬದಲಾವಣೆ ಕಾಣುವುದಿಲ್ಲ, ಮೂರು ತಿಂಗಳ ಹಿಂದಿನದು ಹಾಕಿ ನೋಡಿದರೆ ಕಾಣುತ್ತದೆ. ಆರು ತಿಂಗಳಾದರೂ ಏನೂ ಕಾಣದಿದ್ದರೆ ಆ ವಿಡಿಯೋಗಳನ್ನೇ ಥೆರಪಿಸ್ಟ್ ಮುಂದಿಟ್ಟು ದಾರಿ ಬದಲಿಸೋಣವೇ ಎಂದು ಕೇಳಿ. ಹಲಗೆಯ ಜೆರಾಕ್ಸ್ ಒಂದು ಶಾಲೆಯ ಬ್ಯಾಗಿನಲ್ಲಿ, ಒಂದು ಅಜ್ಜಿ ಮನೆಯಲ್ಲಿ, ಒಂದು ಸ್ಕೂಟರ್ ಡಿಕ್ಕಿಯಲ್ಲಿ ಇರಲಿ. ನಮ್ಮದು ಒಂದು ಬಚ್ಚಲುಮನೆಯ ಗೋಡೆಗೂ ಇದೆ, ಬಿಸಿನೀರು ಜಾಸ್ತಿ ಆದರೆ ಅಲ್ಲೇ 'ಸಾಕು' ಒತ್ತುತ್ತಾನೆ.